ಎರಡು ಮನೆಯವರ ಗುಡಾರ

ಮೊಹ್ರು ಹಾಸಿಗೆಯ ಪಕ್ಕ ಚಹಾ ಇಟ್ಟು, ಗಂಡನನ್ನು ಎಬ್ಬಿಸಲೆಂದು ಹೆಗಲು ಮುಟ್ಟಿದಳು. ಹೆಗಲು ತಣ್ಣಗಿತ್ತು.

ಕೂಗು ಕೇಳಿ ಬೇಲಿಯಾಚೆಯಿಂದ ಮುದುಕಿ ಜಾನಿಲ್ ಓಡಿಬಂದಳು. ಡಾಕ್ಟರ್ ಶೋದ್ಮೋನರ ಕಣ್ಣು ಮುಚ್ಚಿ ಗದ್ದಕ್ಕೆ ಬಟ್ಟೆ ಕಟ್ಟಿದಳು.

“ಅಕ್ಕಾ, ನಿಮ್ಮ ಕಿರ್ಗಿಜರಲ್ಲಿ ಸತ್ತವರನ್ನ ಮಲಗಿಸೋಕೆ ಗುಡಾರ ಹಾಕೋರು ಬಂಧುಗಳಲ್ವಾ? ಬಾಗಿಲಲ್ಲಿ ಕೋಲೂರಿ ಅಳೋರೂ ಅವರೇ. ನಾವು ತಾಜಿಕರು. ಇವರಿಗೆ ಇಲ್ಲಿ ಯಾರಿದಾರೆ?” ಎಂದಳು ಮೊಹ್ರು.

“ಬಾಯ್ಮುಚ್ಚೇ. ನನ್ನ ತಮ್ಮ ಅವನು,” ಎಂದವಳೇ ಜಾನಿಲ್ ಗುಡಾರ ತರಲು ಹೊರಟಳು.

*

ತಾಜಿಕಿಸ್ತಾನದಲ್ಲಿ ಯುದ್ಧವಾದ ವರ್ಷ ಅಲ್ಲಿನ ಕುಲ್ಯಾಬಿನಿಂದ ಬಂದಾಗ ಶೋದ್ಮೋನರು ಹೆಸರಾಂತ ಮೂಳೆ ವೈದ್ಯರು. ಇಲ್ಲಿ ಕಿರ್ಗಿಜ್ ಭಾಷೆಯಲ್ಲಿ ಪರೀಕ್ಷೆಯಾಗದೆ ಆ ಪದವಿ ನಡೆಯದು ಎಂದರು ಅಧಿಕಾರಿಗಳು. ಕೆಲವು ವರ್ಷ ಆಸ್ಪತ್ರೆಯಲ್ಲಿ ರೋಗಿಗಳ ಗಾಡಿ ತಳ್ಳಿದರು. ವಾಸ ಜಾನಿಲಳ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ. ಭಾಷೆ ಕಲಿತದ್ದು ಅವಳು ಹಸುವಿಗೆ ಬೈಯುವುದನ್ನು ಕೇಳಿ.

“ತೊಡೆಮೂಳೆ ಮುರಿದವನು ಬಂದರೆ ಏನು ಮಾಡ್ತೀರಿ?” ಎಂದು ಪರೀಕ್ಷಕರು ಕೇಳಿದರು.

“ನಿಲ್ಲೇ ಮುಂಡೇದೇ, ಕಾಲು ಆಡಿಸ್ಬೇಡ ಅಂತೀನಿ. ಆಮೇಲೆ ಎಳೆದು ಕಟ್ತೀನಿ.”

ಪರೀಕ್ಷಕರು ಕಣ್ಣೊರೆಸಿಕೊಳ್ಳುತ್ತ ನಕ್ಕು ಪಾಸು ಮಾಡಿದರು. ಆಮೇಲೆ ಮೊದಲು ಕಟ್ಟು ಹಾಕಿಸಿಕೊಂಡವನು ಕುದುರೆಯಿಂದ ಬಿದ್ದ ಕುರಿಗಾಹಿ ಕಚ್ಕಿನ್.

*

ಜಾನಿಲಳ ಗುಡಾರದ ಮರದ ಜಾಲರಿ ಅಂಗಳದಲ್ಲಿ ಅರ್ಧ ಎದ್ದಿತ್ತು. ಅಷ್ಟರಲ್ಲಿ ಮುದುಕ ಕಚ್ಕಿನನ ಗಾಡಿಯೂ ಗುಡಾರ ಹೊತ್ತು ಬಂತು.

“ಬಿಚ್ಚೇ ಅದನ್ನ! ನನ್ನ ತಮ್ಮ ನನ್ನ ಗುಡಾರದಲ್ಲಿ ಮಲಗ್ತಾನೆ.”

“ನಿನ್ನ ತಮ್ಮನಾ? ಕುದುರೆ ಮೇಲೆ ಕೂರೋಕೆ ಬರದೋನಿಗೆ ತಮ್ಮ ಬೇರೆ! ಅವನಿಗೆ ಮಾತು ಕಲಿಸಿದ್ದು ನಾನು.”

“ಆ ಮಾತು ಕೇಳಿದೀನಿ. ಕಟ್ಟು ಹಾಕುವಾಗ ನನ್ನನ್ನ ಹಸು ಅಂದ್ಕೊಂಡಿದ್ದ!”

ಪ್ರಾರ್ಥನೆಗೆಂದು ಬಂದಿದ್ದ ಮುಲ್ಲಾ ತಲೆ ಚಚ್ಚಿಕೊಂಡರು. “ಒಬ್ಬ ಮನುಷ್ಯನಿಗೆ ಎರಡು ಗುಡಾರ ಎಲ್ಲಾದ್ರೂ ಉಂಟೇನ್ರೋ?”

ಮೊಹ್ರು ಹೊಸ್ತಿಲಿಗೆ ಬಂದಳು. ಗುಡಾರ ಹಾಕಲು ಯಾರೂ ಇಲ್ಲವೆಂದು ಬೆಳಿಗ್ಗೆ ಹೆದರಿದ್ದಳು; ಈಗ ಅದಕ್ಕೆಂದೇ ಇಬ್ಬರು ಅಂಗಳದಲ್ಲಿ ಜಗಳವಾಡುತ್ತಿದ್ದರು.

“ಅಣ್ಣಾ, ಜಾಲರಿ ಅಕ್ಕನದೇ ಇರಲಿ. ಕಂಬಳಿ ನಿಮ್ದು ಹೊದಿಸಿ.”

ಕಂಬಳಿ ಜಾಲರಿಗಿಂತ ದೊಡ್ಡದು. ಗುಡಾರ ನಿರಿಗೆ ಬಿದ್ದು ಒಂದು ಪಕ್ಕಕ್ಕೆ ವಾಲಿ ನಿಂತಿತು.

“ಡಾಕ್ಟ್ರು ಇದ್ದಿದ್ರೆ ಇದಕ್ಕೂ ಪಟ್ಟಿ ಹಾಕ್ತಿದ್ರು,” ಎಂದರು ಯಾರೋ. ನೆರೆದವರೆಲ್ಲ ನಕ್ಕರು. ಮೊಹ್ರು ಕೂಡ ತಲೆವಸ್ತ್ರದ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಮರುದಿನ ಹೆಣ ಎತ್ತುವ ಹೊತ್ತಿಗೆ ಒಳಗೆ ಜಾನಿಲ್ ಹಾಡಿ ಅಳುತ್ತಿದ್ದಳು. ಹೊರಗೆ ಕಚ್ಕಿನ್ ಕೋಲಿಗೆ ಬಾಗಿ, “ಅಯ್ಯೋ ನನ್ನ ತಮ್ಮಾ!” ಎಂದು ಗೋಳಿಟ್ಟ. ಅವನ ಪಕ್ಕಕ್ಕೆ ಇನ್ನೊಬ್ಬ ಕೋಲೂರಿ ನಿಂತ, ಅವನ ಪಕ್ಕಕ್ಕೆ ಮತ್ತೊಬ್ಬ. ಡಾಕ್ಟರು ಕೈಕಾಲು ಕೂಡಿಸಿದವರೆಲ್ಲ ಬಂದರು. ಸಾಲು ಗೇಟು ದಾಟಿ ರಸ್ತೆಗಿಳಿಯಿತು.

“ಇವರು ಎಂಥವರಾಗಿದ್ರು?” ಎಂದು ಮುಲ್ಲಾ ವಾಡಿಕೆಯಂತೆ ಕೇಳಿದರು. ಒಳ್ಳೆಯವರು ಎನ್ನಬೇಕಾದ್ದು ಪದ್ಧತಿ.

“ನಮ್ಮೋರು!” ಎಂದು ಕಚ್ಕಿನ್ ಎಲ್ಲರಿಗಿಂತ ಮೊದಲೇ ಕೂಗಿಬಿಟ್ಟ. ಯಾರೂ ತಿದ್ದಲಿಲ್ಲ.

ಮೊಹ್ರು ಅಂಗೈ ಬಿಚ್ಚಿ ಹಿಡಿದಳು.

“ದೇವರೇ, ತುಂಬ ದೂರದಿಂದ ಬಂದವರು ಇವರು. ದಣಿದಿದಾರೆ. ಈ ಮಣ್ಣಲ್ಲಿ ನೆಮ್ಮದಿಯಾಗಿ ಮಲಗಿಸಿಕೋ. ಆಮೀನ್.”