ಅಂಚೆ ಕಚೇರಿಯಿಂದಾಚೆ

"ಇನ್ನೂ ಯಾಕಮ್ಮ ಅದು? ಈಗಲಾದ್ರೂ ಹಗುರಾಗಿ ಹೋಗಲಿ ಬಿಡು," ಎಂದಳು ಪಕ್ಕದ ಮನೆಯಾಕೆ. ತಂಗಿ ಕೇಳಿಸಿಕೊಳ್ಳದೆ ಅಕ್ಕನ ಸೊರಗಿದ ಎಡಗಾಲಿಗೆ ಆಸರೆಯ ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದಳು. ಪಟ್ಟಿಯಿಲ್ಲದೆ ಅಕ್ಕ ಹೊಸಿಲು ದಾಟಿದವಳಲ್ಲ.

ಐವತ್ತು ವರ್ಷ ಊರವರ ಬಟ್ಟೆ ಹೊಲಿದ ಅಕ್ಕ, ಇನ್ನು ಹತ್ತು ದಿನಕ್ಕೆ ಬೆಟ್ಟಕ್ಕೆ ಪಾದಯಾತ್ರೆ ಹೊರಡುವವಳಿದ್ದಳು. ನಿನ್ನೆ ಸಂಜೆ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟವಳು ಮತ್ತೆ ಏಳಲಿಲ್ಲ.

ಯಾತ್ರೆಯ ಗುಂಪು ಕಟ್ಟಿದ್ದ ಮೇಷ್ಟ್ರು ತಂಗಿಯ ಹತ್ತಿರ ಬಂದು ನಿಂತರು. "ನಾಲ್ಕು ಕಿಲೋಮೀಟರ್ ಆರಾಮಾಗಿ ನಡೀತಾಳೆ ಅಂತ ನೀವೇ ಹೇಳಿದ್ರಲ್ಲಮ್ಮ. ನಾನೂ ಹೆಸರು ಬರ್ಕೊಂಡಿದ್ದೆ."

ತಂಗಿಯ ಕೈ ಪಟ್ಟಿಯ ಮೇಲೇ ನಿಂತುಬಿಟ್ಟಿತು.

*

ನಾಲ್ಕು ಕಿಲೋಮೀಟರ್ ನಡೆಯಲಾರದವರು ಗುಂಪಿಗೆ ಬೇಡವೆಂದು ಮೇಷ್ಟ್ರು ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದರು. ಅಂದಿನಿಂದ ಅಕ್ಕತಂಗಿಯರು ದಿನಾ ಬೆಳಿಗ್ಗೆ ಅಂಚೆ ಕಚೇರಿಯವರೆಗೆ ನಡೆಯುತ್ತಿದ್ದರು. ಅಲ್ಲಿಗೆ ಬರುವಷ್ಟರಲ್ಲಿ ಅಕ್ಕನ ಮುಖ ಬಿಳಿಚಿಕೊಳ್ಳುತ್ತಿತ್ತು. ಅದನ್ನು ನೋಡಲು ತಂಗಿಗೆ ಆಗುತ್ತಿರಲಿಲ್ಲ.

"ಎಷ್ಟಾಯ್ತೇ?"

"ಎರಡು ಕಿಲೋಮೀಟರ್ ಅಕ್ಕ. ಮನೆ ಮುಟ್ಟಿದ್ರೆ ನಾಲ್ಕು."

ನಿಜಕ್ಕೂ ಹೋಗಿ ಬಂದರೂ ಎರಡು ಕಿಲೋಮೀಟರ್ ಆಗುತ್ತಿರಲಿಲ್ಲ.

"ಅಷ್ಟೊಂದಾ! ನನ್ನ ಕಾಲೂ ನಿನ್ನ ಬಾಯಿಯಷ್ಟೇ ಜೋರಾಯ್ತು ಅನ್ನು," ಎಂದು ಅಕ್ಕ ನಗುತ್ತಿದ್ದಳು.

*

"ಸುಳ್ಳು ಹೇಳಿದ್ದೆ ಮೇಷ್ಟ್ರೇ," ಎಂದಳು ತಂಗಿ. "ಅಂಚೆ ಕಚೇರಿಯಿಂದ್ಲೇ ವಾಪಸ್ ಕರ್ಕೊಂಡು ಬರ್ತಿದ್ದೆ. ಪಾಪ, ನನ್ನ ಮಾತು ನಂಬ್ಕೊಂಡೇ ಹೋದ್ಲು. ಒಡಹುಟ್ಟಿದವಳಿಗೇ ಮೋಸ ಮಾಡ್ಬಿಟ್ಟೆ."

ಬಾಗಿಲಲ್ಲಿ ನಿಂತಿದ್ದ ಲಾಂಡ್ರಿಯವನು ಒಳಗೆ ಬಂದ.

"ನಂಬೋದಾ? ಅರ್ಧ ಇಂಚು ತಪ್ಪಿದ್ರೆ ಇಡೀ ಹೊಲಿಗೆ ಬಿಚ್ಚೋ ಹೆಂಗಸು ಅದು! ನೀವು ಮಧ್ಯಾಹ್ನ ಮಲಗಿದ ಮೇಲೆ ಇನ್ನೊಂದ್ಸಲ ಬರ್ತಿದ್ರು. ಅಂಚೆ ಕಚೇರಿ ದಾಟಿ ನನ್ನ ಅಂಗಡಿ ತನಕ. ಯಾಕಮ್ಮ ಈ ಬಿಸಿಲಲ್ಲಿ ಅಂದ್ರೆ, 'ತಂಗಿ ನಾಲ್ಕು ಅಂದಿದ್ದಾಳಪ್ಪ. ಬಾಕಿ ನಡೆದ್ಬಿಟ್ರೆ ಅವಳ ಮಾತು ನಿಜ ಆಗುತ್ತೆ' ಅನ್ನೋರು."

"ಒಬ್ಬಳೇನಾ?"

"ಒಬ್ಬರೇ. ನಿಮಗೆ ಹೇಳ್ಬೇಡ ಅಂತ ಬೇರೆ ನನ್ನ ಬಾಯಿಗೆ ಬೀಗ ಹಾಕಿದ್ರು."

ತಂಗಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅಕ್ಕನ ಮೇಲೆ ಇಷ್ಟು ಸಿಟ್ಟು ಅವಳಿಗೆ ಹಿಂದೆಂದೂ ಬಂದಿರಲಿಲ್ಲ, ಇಷ್ಟು ಪ್ರೀತಿಯೂ.

ಹೆಣದ ವ್ಯಾನಿನಲ್ಲಿ ಅವಳು ಕಿಟಕಿಯ ಪಕ್ಕ ಕುಳಿತಳು. ಅಂಚೆ ಕಚೇರಿ ಹಿಂದೆ ಸರಿಯಿತು. ಮುಂದೆ ಗೋದಾಮಿನ ಉದ್ದನೆಯ ಬಿಳಿ ಗೋಡೆ. ಸೊಂಟದೆತ್ತರಕ್ಕೆ ಅಂಗೈ ಅಗಲದ ಕಪ್ಪು ಜಿಡ್ಡಿನ ಗೆರೆಯೊಂದು ಅದರುದ್ದಕ್ಕೂ ಸಾಗಿತ್ತು. ಅಕ್ಕ ಕೈಯೂರಿ ಸುಧಾರಿಸಿಕೊಳ್ಳಲು ನಿಂತಲ್ಲೆಲ್ಲ ಐದೂ ಬೆರಳು ಮೂಡಿದ್ದವು.

"ಸ್ವಲ್ಪ ನಿಧಾನ ಹೋಗಪ್ಪ," ಎಂದಳು ಡ್ರೈವರನಿಗೆ.

ಗೋಡೆ ತಿರುಗಿದಲ್ಲಿ ಗೆರೆಯೂ ತಿರುಗಿ ಮುಂದೆ ಹೋಗಿತ್ತು.