ಹತ್ತೊಂಬತ್ತನೇ ಪಟ್ಟಿ

ಅಪ್ಪನ ತಲೆಯಲ್ಲಿ ಏನೂ ಉಳಿದಿಲ್ಲ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ನಲವತ್ತು ವರ್ಷ ಗಣಿತ ಕಲಿಸಿದ ಮೇಷ್ಟ್ರು. ಪಾರ್ಶ್ವವಾಯು ಬಡಿದ ಮೇಲೆ ಮಾತಿಲ್ಲ, ಕತೆಯಿಲ್ಲ. "ಭಾನುವಾರ ಬರ್ತೀನಿ, ಆರೈಕೆ ಕೇಂದ್ರಕ್ಕೆ ಸೇರಿಸಿಬಿಡೋಣ. ನಾವು ಯಾರು ಅಂತಾನೂ ಅವರಿಗೆ ಗೊತ್ತಾಗಲ್ಲ," ಎಂದು ಅಣ್ಣ ಫೋನಿನಲ್ಲಿ ಹೇಳಿದಾಗ ತಂಗಿಗೆ ಮೈಯೆಲ್ಲ ಉರಿಯಿತು. ಗೊತ್ತಾಗಲ್ಲ ಅನ್ನಲು ಇವನ್ಯಾರು? ಆದರೆ ಗೊತ್ತಾಗುತ್ತದೆ ಅನ್ನಲು ಅವಳ ಬಳಿಯೂ ಏನಿರಲಿಲ್ಲ.

ಅವಳದು ಉಣ್ಣೆ ಹೆಣೆಯುವ ಕೆಲಸ. ಅಪ್ಪನ ಕಾಲಿಗೆ ಹೊದಿಸಲು ಕಂಬಳಿಯೊಂದನ್ನು ಶುರು ಮಾಡಿದ್ದಳು, ಅದೂ ಚಿಕ್ಕಂದಿನಲ್ಲಿ ಅಪ್ಪನೇ ಕಲಿಸಿದ ಲೆಕ್ಕದಲ್ಲಿ. ಬಿಳಿ ಸಾಲೆಂದರೆ ಒಂದು, ನೀಲಿಯೆಂದರೆ ಎರಡು. ಬಿಳಿ ಪಟ್ಟಿಯಾದ ಮೇಲೆ ನೀಲಿ ಪಟ್ಟಿ, ಮತ್ತೆ ಬಿಳಿ. ಯಾವ ಪಟ್ಟಿಗೆ ಎಷ್ಟು ಸಾಲು? ಮೊದಲ ಪಟ್ಟಿಗೆ ಮೊದಲ ಸಾಲಿನ ಬಣ್ಣ ಹೇಳುತ್ತದೆ, ಐದನೇ ಪಟ್ಟಿಗೆ ಐದನೇ ಸಾಲಿನದು; ಐದನೇ ಸಾಲು ಬಿಳಿ, ಹಾಗಾಗಿ ಐದನೇ ಪಟ್ಟಿಗೆ ಒಂದೇ ಸಾಲು. ಒಂದು, ಎರಡು, ಎರಡು, ಒಂದು, ಒಂದು, ಎರಡು... "ತನ್ನ ಕತೆ ತಾನೇ ಹೇಳ್ಕೊಳ್ಳೋ ಸರಣಿ ಇದು ಮಗಳೇ. ಮುಂದಿನದು ಮರೆತರೆ ಯಾರನ್ನೂ ಕೇಳ್ಬೇಡ, ಹಿಂದಕ್ಕೆ ನೋಡು," ಅನ್ನುತ್ತಿದ್ದರು. ತಪ್ಪಿಗೆ ಬೈದವರಲ್ಲ. ತಪ್ಪಿದವರೇ ತಿದ್ದಲೆಂದು ಅವರ ಮುಂದೆ ಸೀಮೆಸುಣ್ಣ ಚಾಚುತ್ತಿದ್ದರು, ಅಷ್ಟೇ. ಮನೆಯಲ್ಲಿ ಅದು ಹೆಚ್ಚಾಗಿ ಅಣ್ಣನ ಪಾಲಿಗೇ ಬರುತ್ತಿತ್ತು.

ಶನಿವಾರ ಅಪ್ಪನ ಎಡಗೈ ಬೆರಳು ಕಂಬಳಿಯ ಮೇಲೆ ಓಡಾಡತೊಡಗಿತು. ಹಿಂದಿನ ಒಂದು ನೀಲಿ ಸಾಲು, ಮುಂದಿನ ಒಂದು ಬಿಳಿ ಪಟ್ಟಿ. ಮತ್ತೆ ಅದೇ ನೀಲಿ, ಅದೇ ಬಿಳಿ.

"ಸುಮ್ನಿರಿ ಅಪ್ಪಾ, ದಾರ ಕಿತ್ತು ಬರುತ್ತೆ."

ಬೆರಳು ಜಗ್ಗಲಿಲ್ಲ. ಅನುಮಾನ ಬಂದು ಎಣಿಸಿದಳು. ಹತ್ತೊಂಬತ್ತನೇ ಸಾಲು ನೀಲಿ. ಅಂದರೆ ಆ ಬಿಳಿ ಪಟ್ಟಿಗೆ, ಹತ್ತೊಂಬತ್ತನೆಯದಕ್ಕೆ, ಎರಡು ಸಾಲು ಬೇಕಿತ್ತು. ಅಣ್ಣನ ಮೇಲಿನ ಕೋಪದಲ್ಲಿ ಒಂದೇ ಹೆಣೆದಿದ್ದಳು! ಅಯ್ಯೋ ನನ್ನಪ್ಪಾ ಎಂದು ಆ ಕೈಯನ್ನು ಕೆನ್ನೆಗೊತ್ತಿಕೊಂಡು ಮನಸಾರೆ ಅತ್ತಳು. ಬಿಚ್ಚಲಿಲ್ಲ ಮಾತ್ರ. ಅಣ್ಣ ಬರಲಿ, ನೋಡಲಿ ಎಂದುಕೊಂಡಳು.

ಅಣ್ಣ ಬಂದ, ಕೈಯಲ್ಲಿ ಆರೈಕೆ ಕೇಂದ್ರದ ಅರ್ಜಿ ಹಿಡಿದುಕೊಂಡೇ. ಅವಳು ಕಂಬಳಿಯನ್ನು ಅಪ್ಪನ ತೊಡೆಯ ಮೇಲೆ ಹರಡಿದಳು. ಬೆರಳು ನೀಲಿಗೆ ಹೋಯಿತು, ಬಿಳಿಗೆ ಬಂತು, ನಿಂತಿತು. ಅಪ್ಪ ತಲೆಯೆತ್ತಿ ಮಗಳನ್ನು ದಾಟಿ ನೇರ ಮಗನನ್ನೇ ನೋಡಿದರು. ಪಕ್ಕದಲ್ಲಿದ್ದ ಹೆಣಿಗೆ ಕಡ್ಡಿಯನ್ನೆತ್ತಿ ಅವನ ಮುಂದೆ ಚಾಚಿದರು.

"ನಾನಲ್ಲ ಅಪ್ಪಾ, ಇವಳು ಮಾಡಿದ್ದು!" ಐವತ್ತರ ಅಣ್ಣನ ಬಾಯಿಂದ ಥಟ್ಟನೆ ಬಂತು. ಬಂದ ಮೇಲೆ ಬಿಕ್ಕಿ ಬಿಕ್ಕಿ ಅತ್ತ.

ಚಾಚಿದ ಕೈ ಕೆಳಗಿಳಿಯಲಿಲ್ಲ. ಅಣ್ಣ ಕಡ್ಡಿ ತೆಗೆದುಕೊಂಡು, ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತ.

"ಎಲ್ಲಿಂದ ಬಿಚ್ಚೋದೇ, ಹೇಳ್ಕೊಡು," ಅಂದ.