ಸಾಹುಕಾರರ ಮುಂದೆ ಅತ್ತದ್ದು

ನಮ್ಮ ಯೂಟ್ಯೂಬ್ ಚಾನೆಲ್ಲಿನ ಆಫೀಸು ಮೊಣಕಾಲುದ್ದ ಕೆಸರಿನಲ್ಲಿದೆ. ನಾವು ಚೀಕಲಪರ್ವಿಯ ಹೆಂಗಸರು. ಮಾನ್ವಿ ಸುತ್ತಲಿನ ಕಾಲುವೆ ಗದ್ದೆಗಳಲ್ಲಿ ಭತ್ತ ನಾಟಿ ಮಾಡುತ್ತೇವೆ. ಬೆಳಿಗ್ಗೆ ಬಗ್ಗಿದ ಸೊಂಟ ನೆಟ್ಟಗಾಗುವುದು ಊಟದ ಹೊತ್ತಿಗೆ. ಕಾಲ್ಬೆರಳ ಸಂದಿಗಳು ಕೊಳೆತು ಬಿರಿದಿರುತ್ತವೆ. ಅರಿಶಿನ ಎಣ್ಣೆ ಹಚ್ಚಿದರೆ ಉರಿ, ಹಚ್ಚದಿದ್ದರೆ ಇನ್ನೂ ಉರಿ.

ಈ ಉರಿ ಮರೆಸಲು ನಮ್ಮವ್ವ ಮೂಕಮ್ಮ ಗದ್ದೆಯ ಒಡೆಯರಾದ ಹನುಮಂತ್ರಾಯ ಸಾಹುಕಾರರ ಅಣಕು ಮಾಡುತ್ತಾಳೆ. ಛತ್ರಿ ಹಿಡಿದು ಬದುವಿನ ಮೇಲೆ ನಿಂತು ಅವರು 'ಸಸಿ ದೂರ ಹಚ್ಚೀರಿ' ಅನ್ನುವುದು, ಹತ್ತಿರ ಹಚ್ಚಿದರೆ 'ಸಸಿ ನಿಮ್ಮಪ್ಪಂದೇನು' ಅನ್ನುವುದು, ಕೂಲಿ ಹೆಚ್ಚಿಸಿ ಅಂದರೆ ಬಾರದ ಫೋನು ಕಿವಿಗಿಟ್ಟು 'ಹಲೋ' ಅನ್ನುವುದು. ಬಿ.ಎ. ಮುಗಿಸಿ ಅದೇ ಕೆಸರಿಗಿಳಿದ ನಾನು, ಅಂದರೆ ಮಗಳು ಮೌನೇಶ್ವರಿ, ಇದನ್ನೆಲ್ಲ ಫೋನಿನಲ್ಲಿ ಹಿಡಿದು ಚಾನೆಲ್ಲಿಗೆ ಹಾಕತೊಡಗಿದೆ. ಜನ ನಕ್ಕರು. ಮಾನ್ವಿ ಬಸ್ ನಿಲ್ದಾಣದಲ್ಲಿ ಕಂಡಕ್ಟರೊಬ್ಬ ಅವ್ವನಿಗೆ 'ಹಲೋ' ಅಂದು ಕೈಮುಗಿದ.

ಆಗ ರಾಯಚೂರಿನಿಂದ ಬಿಳಿ ಬೂಟು ಹಾಕಿಕೊಂಡು ಅಂಬರೀಶ ಬಂದ. ಚಾನೆಲ್ ಬೆಳೆಸಿಕೊಡುವ ಏಜೆನ್ಸಿಯವನು. ಸ್ಟ್ರಾಟಜಿ ಇಲ್ಲದ ಚಾನೆಲ್ ಬಹಳ ದಿನ ಬದುಕುವುದಿಲ್ಲವಂತೆ. ಬಡವರು ನಕ್ಕರೆ ಜನ ದಾಟಿ ಹೋಗುತ್ತಾರೆ, ಅತ್ತರೆ ನಿಂತು ನೋಡುತ್ತಾರೆ, ಜಾಹೀರಾತುಗಳು ತಾವಾಗಿಯೇ ಬರುತ್ತವೆ ಎಂದ. ಗುಂಪು ಬೇಡ, ಮೂಕಮ್ಮ ಒಬ್ಬಳೇ ಸಾಕು. ಅವಳು ಅಳಬೇಕು. ಸಾಹುಕಾರರು ಬಂದು ಸೀರೆ ಕೊಡಬೇಕು. ಹಿಂದೆ ಕೊಳಲಿನ ದನಿ.

ಸಾಹುಕಾರರು ಚುನಾವಣೆಗೆ ನಿಲ್ಲುವವರಿದ್ದರು. ಈ ವಿಡಿಯೋದ ಖರ್ಚೆಲ್ಲ ಅವರದೇ. ಒಲ್ಲೆವೆಂದರೆ ಈ ಹಂಗಾಮಿನ ನಾಟಿ ಬೇರೆ ಊರಿನ ಗುಂಪಿಗೆ ಹೋಗುತ್ತದೆ ಎಂದು ಹೇಳಿ ಕಳಿಸಿದ್ದರು.

"ಇದಕ್ಕ ಸ್ಟ್ರಾಟಜಿ ಅಂತಾರೇನವ?" ಅವ್ವ ನನ್ನನ್ನು ಕೇಳಿದಳು. "ನಮ್ಮೂರಾಗ ಇದಕ್ಕ ಬ್ಯಾರೇ ಹೆಸರದ."

ರೊಟ್ಟಿಗಂಟು ಬಿಚ್ಚಿ ಕೂತಾಗ ಇದೇ ಮಾತು. ನಮ್ಮ ಬಂಡವಾಳ ನಗುವೇ, ಅದನ್ನು ಮಾರಬಾರದು ಎಂದೆ ನಾನು. ನಾಟಿ ಹೋದರೆ ನಿನ್ನ ನಗು ಕುದಿಸಿ ಉಣ್ಣೋಣವೇನು ಅಂದರು ಒಂದಿಬ್ಬರು. ಕೊನೆಗೆ ನಮ್ಮ ಗುಂಪಿನ ಹಿರಿಯಳು ಗುಲ್ಶನ್ ಬೇಗಂ ಬಾಯಿ ಬಿಟ್ಟಳು.

"ಎಕರೆ ಗುತ್ತಿಗಿ ಹಿಡಿದ್ರ ಬಸುರಿಗೂ ಮುದುಕಿಗೂ ಸಮ ಪಾಲು ಕೊಡ್ತೀವಿ. ಮತ್ತ ಒಬ್ಬಾಕಿನ ಹ್ಯಾಂಗ ಅಳ್ತಾಳ? ಅಳೂ ಗುತ್ತಿಗಿ ಎಲ್ಲಾರದು. ಚಾನೆಲ್ಲೂ ಎಲ್ಲಾರದು."

ಎಲ್ಲರೂ ಹೂಂ ಅಂದರು.

ಶೂಟಿಂಗಿನ ದಿನ ಅಂಬರೀಶ ನನ್ನ ಫೋನನ್ನು ಬದುವಿನ ಮೇಲೆ ನಿಲ್ಲಿಸಿ ಲೈವ್ ಶುರು ಮಾಡಿದ. ಸಾಹುಕಾರರು ಇಸ್ತ್ರಿ ಅಂಗಿ ಹಾಕಿ ಸೀರೆ ಹಿಡಿದು ನಿಂತರು.

"ಅಳ್ರೀ ಯವ್ವಾ," ಅಂದ ಅಂಬರೀಶ.

"ಯಾರಿಗೆ ಅಳಬೇಕೋ ಯಪ್ಪಾ?"

"ಯಾರಿಗಾದ್ರೂ ಅಳ್ರಿ. ಒಟ್ಟು ನೋಡಿದವರ ಎದಿ ಒಡೀಬೇಕು."

ನಮ್ಮ ಹೆಂಗಸರು ನಾಲ್ಕು ಜನರೆದುರು ಅಳುವುದು ಹೆಣದ ಮುಂದೆ ಮಾತ್ರ. ಅದಕ್ಕೊಂದು ಕ್ರಮವಿದೆ. ಸತ್ತವರನ್ನು ಕರೆದು ಕರೆದು, ಅವರ ಗುಣಗಳನ್ನು ಹಾಡಿ ಹಾಡಿ ಅಳಬೇಕು. ಅವ್ವ ಸುತ್ತಲೂ ನೋಡಿದಳು. ಎದುರಿಗೆ ಸಾಹುಕಾರರಿದ್ದರು. ತಲೆ ಮೇಲೆ ಸೆರಗೆಳೆದುಕೊಂಡು ಅವರ ಕಾಲ ಬುಡದಲ್ಲಿ ಕುಸಿದಳು.

"ಕೂಲಿ ಕೇಳಿದ್ರ ಹಲೋ ಅಂತಿದ್ದೆಲ್ಲೋ ನನ್ನಪ್ಪಾ, ಇನ್ನ ಹಲೋ ಅನ್ನವ್ರು ಯಾರೋ..."

ಗುಲ್ಶನ್ ಬೇಗಂ ದನಿ ಎತ್ತಿಕೊಂಡಳು. "ಹಬ್ಬಕ್ಕ ಹಳಸಿದ ಅನ್ನ ನೀಡಿದ ಕೈಯೋ, ಎಲ್ಲಿಗೆ ಹೋತೋ..."

ಇಡೀ ಸಾಲು ಎದೆ ಬಡಿದುಕೊಂಡು ಸೇರಿಕೊಂಡಿತು. ಸತ್ತವರು ಯಾರೆಂದು ಪಕ್ಕದ ಗದ್ದೆಯವರು ಓಡಿ ಬಂದರು.

"ಲೇ, ನಾ ಸತ್ತಿಲ್ಲ," ಸಾಹುಕಾರರು ಫೋನಿನ ಕಡೆ ತಿರುಗಿ ಹೇಳಿದರು.

ನೋಡುವವರ ಸಂಖ್ಯೆ ಏರುತ್ತಲೇ ಇತ್ತು. ನಿಲ್ಲಿಸಲು ಅಂಬರೀಶನಿಗೆ ಮನಸ್ಸಾಗಲಿಲ್ಲ.

ಸಂಜೆಯೇ ನಮ್ಮ ನಾಟಿ ಹೋಯಿತು. ಸಾಹುಕಾರರು ಚಂದ್ರಬಂಡ ಊರಿನ ಗುಂಪಿಗೆ ಹೇಳಿ ಕಳಿಸಿದರು. ಅವರೂ ಲೈವ್ ನೋಡಿದ್ದರು. ಚೀಕಲಪರ್ವಿಯವರ ಕೂಲಿ ಇತ್ಯರ್ಥವಾಗದೆ ಕಾಲಿಡುವುದಿಲ್ಲ ಎಂದರು. ಸುದ್ದಿ ಹರಡಿ ಬೇರೆ ಗುಂಪುಗಳೂ ಹಿಂಜರಿದವು. ನಾಟಿಯಾಗದೆ ಮಡಿಯಲ್ಲೇ ಉಳಿದ ಸಸಿ ಹಳದಿಗೆ ತಿರುಗತೊಡಗಿತು.

ಒಂದು ಬೆಳಿಗ್ಗೆ ಸಾಹುಕಾರರೇ ನಮ್ಮ ಬಾಗಿಲಿಗೆ ಬಂದರು. ಮೊದಲು ನಾಟಿ ಮುಗಿಸಿ, ಕೂಲಿ ಆಮೇಲೆ ನೋಡೋಣ, ಫೋನು ಮಾತ್ರ ತರಬೇಡಿ ಎಂದರು.

ಅವ್ವ ಹೊಸ್ತಿಲಿಂದ ಏಳಲಿಲ್ಲ.

"ಕೂಲಿ ಈಗ ಹೇಳ್ರಿ. ಫೋನು ಬದುವಿನ ಮ್ಯಾಲೇ ಇರ್ತದ. ನೀವು ಜೀವಂತ ಅದೀರಿ ಅಂತ ಜನರಿಗೂ ಗೊತ್ತಾಗಬೇಕಲ್ರಿ."